ಸ್ಕಿಪ್ ಒತ್ತಿದಾಕಿ ನಾನೇ

ಮೊದ್ಲ ಹೇಳಿಬಿಡ್ತೀನಿ, ಇದರಾಗ ತಪ್ಪು ನಂದದ. "ಅಕ್ಕಾ, ನೀವರೇ ಏನು ಮಾಡಾಕ ಆಗ್ತಿತ್ತು" ಅಂತ ಕೆಳಗ ಕಮೆಂಟ್ ಹಾಕಬ್ಯಾಡ್ರಿ. ಮಾಡಾಕ ಭಾಳ ಆಗ್ತಿತ್ತು. ಮಾಡ್ಲಿಲ್ಲ.

ಹೊಲದಾಗ ದುಡಿಯೋ ಹೆಣ್ಣುಮಕ್ಕಳ ಬಾಳೇವನ್ನ ಅವರ ಬಾಯಿಂದನ ರೆಕಾರ್ಡ್ ಮಾಡಿಡಬೇಕಂತ ರಾಯಚೂರಿನ ಒಂದು ಸಂಸ್ಥೆಯವರು ಕೆಲಸ ತಗದಿದ್ರು. ಮಾನ್ವಿ, ದೇವದುರ್ಗ ಎರಡೂ ತಾಲ್ಲೂಕು ನನ್ನ ಪಾಲಿಗೆ ಬಂದ್ವು. ಕೈಯಾಗೊಂದು ರೆಕಾರ್ಡರ್, ಹೆಗಲಿಗೆ ಸಂಸ್ಥೆಯ ಹಳೇ ಲ್ಯಾಪ್‌ಟಾಪ್. ಬಸ್ಸಂತೂ ಹೆಣ್ಣುಮಕ್ಕಳಿಗೆ ಪುಗಸಟ್ಟೆ, ಸೀಟು ಸಿಗೂದಷ್ಟೇ ಕಷ್ಟ.

ಕಲ್ಲೂರಾಗ ಒಬ್ಬಾಕಿ ಮುದುಕಿ ಇದ್ಳು. ನೆಲ್ಲು ನಾಟಿ ಹಚ್ಚೋ ಹೆಣ್ಣಾಳಿನ ಗುಂಪಿಗೆ ವಯಸ್ಸಿದ್ದಾಗೆಲ್ಲಾ ಆಕಿನೇ ಮುಂದಾಳು. ಆಕಿ ಮಗಳು ಮಾನ್ವಿಯಾಗ ಸಾಲಿ ಟೀಚರ್, ನನ್ನ ಕರಕೊಂಡು ಹೋದಾಕಿ ಆಕಿನೇ. ಮುದುಕಿ ಮೊದ್ಲು ಒಲ್ಲೆ ಅಂದ್ಳು. ಆಮ್ಯಾಲ ಒಪ್ಪಿದ್ಳು, ಆದ್ರ ಮಗಳು ಒಳಗ ಇರಬಾರ್ದು ಅಂದ್ಳು.

"ಏ ಕೂಸ, ನೀ ಹೊರಗ ನಡಿ."

"ಯವ್ವಾ, ನಾ ಕೇಳಿದ್ರ ಏನಾಗ್ತದ?"

"ಕೇಳು, ಯಾರು ಬ್ಯಾಡಂದಾರ? ನಾ ಇಲ್ಲದಾಗ ಕೇಳು. ಈಗ ನಿನ್ನ ಮಾರಿ ನೋಡಿಕೊಂತ ನನಗ ಹೇಳಾಕ ಆಗೂದಿಲ್ಲ."

ಮಗಳು ಹೋಗಿ ಕಟ್ಟಿಮ್ಯಾಲ ಕುಂತ್ಳು. ಮುದುಕಿ ನನ್ನ ಕಡೆ ತಿರುಗಿ, "ಇದಕ್ಕ ಹೆಸರೇನಂತ ಇಡ್ತಿ ಬೇ?" ಅಂದ್ಳು. ನಿನ್ನ ಹೆಸರ ಇಡ್ತೀನಿ ಅಂದೆ.

"ನನ್ನ ಹೆಸರಿನವ್ರು ಈ ಓಣ್ಯಾಗ ನಾಕು ಮಂದಿ ಅದಾರ. ಇದು ನಾನಂತ ಹೆಂಗ ಗೊತ್ತಾಗಬೇಕು? ನಮ್ಮವ್ವನ ಹೆಸರು ಹಾಕು. ಊರು ಹಾಕು, ಓಣಿ ಹಾಕು. ನನ್ನ ಜೋಡಿ ನಾಟಿಗೆ ಬರ್ತಿದ್ದ ಮೂವರು ಸತ್ತು ಹೋದ್ರು, ಅವರವೂ ಹಾಕು."

"ಗಂಡಂದು?"

"ಆತಂದ್ಯಾಕ? ಆತ ಯಾವಾಗ ಕೆಸರಾಗ ಇಳದಾನ?"

ಹೊರಗ ಮಗಳು ಕಿಸಕ್ಕಂತ ನಕ್ಕಿದ್ದು ಕೇಳಿಸ್ತು.

ಅದನ್ನ ಕೇಳಿ ಮುದುಕಿ ಬಾಗಿಲಾ ಹಾಕಿಸಿದ್ಳು, ಆಮ್ಯಾಲ ದನಿ ಇಳಿಸಿ ಎರಡು ತಾಸು ಮಾತಾಡಿದ್ಳು. ಮುಗಿದ ಮ್ಯಾಲ ಆಕಿ ಎದುರಿಗೇ ಲ್ಯಾಪ್‌ಟಾಪಿಗೆ ಹಾಕಿ, ಆಕಿ ಹೇಳಿದ ಹೆಸರಷ್ಟೂ ಫೈಲಿನ ಹೆಸರಂತ ಕನ್ನಡದಾಗ ಹೊಡದು ಓದಿ ಹೇಳಿದೆ. "ಬರೋಬರಿ ಅದ" ಅಂದ್ಳು. ಅಷ್ಟ ಆಗಿದ್ದಕ್ಕ ಓಣ್ಯಾಗ ಸುದ್ದಿ ಹಬ್ಬಿತು. "ಆಕಿಗೆ ಅಷ್ಟುದ್ದ, ನನಗ್ಯಾಕ ಗಿಡ್ಡ? ನಮ್ಮವ್ವ ಏನು ಪಾಪ ಮಾಡ್ಯಾಳ?" ಅಂತ ಒಬ್ಬಾಕಿ ಜಗಳಕ್ಕೇ ನಿಂತ್ಳು. ಹಂಗಾಗಿ ಆ ಓಣಿಯ ಹನ್ನೊಂದೂ ಫೈಲಿಗೆ ಮಾರುದ್ದ ಹೆಸರು ಬಿದ್ವು. ನನಗೂ ಖುಷಿನೇ ಆತು, ಸುಳ್ಳ್ಯಾಕ ಹೇಳ್ಲಿ.

ಎಲ್ಲಾರ ಕೆಲಸನೂ ರಾಯಚೂರಿನ ಆಫೀಸಿನ ನೆಟ್‌ವರ್ಕ್ ಸ್ಟೋರೇಜಿಗೆ ಹಾಕಬೇಕಿತ್ತು. ಒಂದು ಕರೇ ಪೆಟ್ಟಿಗಿ ಅದು, ವಾಯರ್ ಹಚ್ಚಿದ ಎಲ್ಲಾ ಕಂಪ್ಯೂಟರಿನಿಂದನೂ ಅದರಾಗ ಫೈಲ್ ಇಡಬಹುದು. ನಾ ಕಾಪಿಗೆ ಹಚ್ಚಿದ ದಿನನೇ ಸಂಜೀಕ ಮ್ಯಾಲಿನವರು ಕೆಲಸ ನೋಡಾಕ ಬರೋರಿದ್ರು. ಅರ್ಧಕ್ಕ ಬಂದು ಕಾಪಿ ನಿಂತು ಬಿಡ್ತು. ಫೈಲಿನ ಹೆಸರಿಂದು ಏನೋ ತಕರಾರು ಅಂತ ಇಂಗ್ಲಿಷಿನ್ಯಾಗ ತೋರಿಸ್ತು, ನಾ ಪೂರ್ತಿ ಓದಲಿಲ್ಲ. ವಾಯರ್ ಬದಲಿಸಿದೆ. ಪೆಟ್ಟಿಗಿ ಬಂದ್ ಮಾಡಿ ಚಾಲೂ ಮಾಡಿದೆ. ಪಾಸ್‌ವರ್ಡ್ ಹೊಸದಾಗಿ ಹೊಡದೆ. ಜಾಗ ತುಂಬ್ಯಾದೇನಂತ ನೋಡಿದೆ, ಬೇಕಾದಷ್ಟು ಖಾಲಿ ಇತ್ತು. ಪ್ರತಿ ಸಲ ಅದೇ ಫೈಲಿಗೆ ಬಂದು ನಿಂದರೂದು. ಅದೇ ಫೈಲಿಗೆ ಯಾಕ ನಿಂದ್ರಾಕತ್ತದ ಅಂತ ಒಂದು ನಿಮಿಷ ವಿಚಾರ ಮಾಡಿದ್ರ ಸಾಕಿತ್ತು.

ನೆಟ್‌ವರ್ಕ್ ನೋಡಿಕೊಳ್ಳಾವಗ ಫೋನ್ ಹಚ್ಚಿದೆ. ಆತ ಯರಗೇರಾದಾಗ ಇನ್ನೊಂದು ಕೆಲಸದ ಮ್ಯಾಲ ಇದ್ದ. "ಸ್ಕಿಪ್ ಒತ್ರಿ ಅಕ್ಕೋರ, ಉಳಿದದ್ದು ಹೋಗ್ತದ. ಇದನ್ನ ಆಮ್ಯಾಲ ನೋಡೋಣಂತ." ಒತ್ತಿದೆ. ಮುಂದಿನ ಫೈಲಿಗೂ ಅದೇ ಹಾಡು. ಆಗ ಕಣ್ಣಿಗೆ ಬಿತ್ತು, ಮುಂದಿನವಕ್ಕೆಲ್ಲಾ ಹಿಂಗೇ ಮಾಡು ಅನ್ನೋ ಸಣ್ಣ ಚೌಕ. ಟಿಕ್ ಹಾಕಿದೆ. ಹಸಿರು ಗೆರಿ ಸರ್ರಂತ ಕೊನಿ ಮುಟ್ಟಿತು.

"ಎಲ್ಲಾ ಬಂತೇನ್ರಿ ಮೇಡಂ?" ಅಂದ್ರು ಸಾಹೇಬ್ರು.

"ಬಂತ್ರಿ ಸರ್."

ಆಮ್ಯಾಲ ಚಹಾ, ಫೋಟೋ, ಒಬ್ಬರಿಗೊಬ್ಬರು ಶಾಲು. ಮರುದಿನ ಲ್ಯಾಪ್‌ಟಾಪನ್ನ ಬ್ಯಾರೆ ತಂಡಕ್ಕ ಕೊಟ್ರು, ಅವರು ಅದನ್ನ ಪೂರ್ತಿ ಅಳಿಸಿ ಹೊಸದಾಗಿ ತುಂಬಿಕೊಂಡ್ರು. ರೆಕಾರ್ಡರಿನ ಕಾರ್ಡ್ ನಾನೇ ದೇವದುರ್ಗದ ಕೆಲಸಕ್ಕಂತ ಖಾಲಿ ಮಾಡಿದ್ದೆ. ಈ ಕಡೆ ಎಷ್ಟು ಫೈಲ್, ಆ ಕಡೆ ಎಷ್ಟು ಫೈಲ್ ಅಂತ ತಾಳೆ ನೋಡಾಕ ಎರಡು ನಿಮಿಷ ಸಾಕು. ಆ ಎರಡು ನಿಮಿಷ ನನಗ ಪುರಸೊತ್ತು ಸಿಗಲಿಲ್ಲ, ಶಾಲಿಗೆ ಕೊಳ್ಳು ಕೊಡಾಕ ಸಿಕ್ತು.

ವರ್ಷ ತುಂಬೂದ್ರಾಗ ಮುದುಕಿ ಹೋಗಿಬಿಟ್ಳು. ದಿನಕರ್ಮ ಎಲ್ಲಾ ಮುಗಿದ ಮ್ಯಾಲ ಮಗಳು ಮೆಸೇಜ್ ಹಾಕಿದ್ಳು: "ಅಕ್ಕೋರ, ಈಗ ಕೇಳ್ತೀನಿ. ಶನಿವಾರ ಬರ್ಲೇನ್ರಿ?" ಬರ್ರಿ ಅಂದೆ. ಹಿಂದಿನ ದಿನ ತಗದಿಡೋಣಂತ ಪೆಟ್ಟಿಗ್ಯಾಗ ಹುಡುಕಿದ್ರ ಕಲ್ಲೂರಿನ ಆ ಓಣಿದು ಒಂದೂ ಇಲ್ಲ.

ನೆಟ್‌ವರ್ಕಿನಾತ ಬಂದು ನೋಡಿ ನಕ್ಕ. "ಈ ಪೆಟ್ಟಿಗಿಗೆ ಹೆಸರು ಇಷ್ಟೇ ಉದ್ದ ಇರಬೇಕಂತ ಅದ ಅಕ್ಕೋರ. ಇಂಗ್ಲಿಷಿನ ಒಂದಕ್ಷರ ಒಂದು ಜಾಗ ಹಿಡೀತದ, ಕನ್ನಡದ್ದು ಮೂರು ಹಿಡೀತದ. ದೀರ್ಘ, ಒತ್ತು ಎಲ್ಲಾ ಮತ್ತ ಬ್ಯಾರೆ."

"ಲ್ಯಾಪ್‌ಟಾಪಿನ್ಯಾಗ ಕುಂತಿತ್ತಲ್ಲೋ?"

"ಅದರ ರೀತಿ ಬ್ಯಾರೆ, ಇದರ ರೀತಿ ಬ್ಯಾರೆ. ನೀವು ಮಾನ್ವಿ ಬಸ್ಸಿನಷ್ಟುದ್ದ ಹೆಸರಿಟ್ರ ಅದೇನು ಮಾಡಬೇಕು? ಇಂಗ್ಲಿಷಿನ್ಯಾಗ ಹೊಡದಿದ್ರ ಆಗ್ತಿದ್ದಿಲ್ಲೇನು?"

ಅದೇ ಪೆಟ್ಟಿಗ್ಯಾಗ ಸಂಸ್ಥೆಯ ಅಧ್ಯಕ್ಷರ ಸ್ವಾಗತ ಭಾಷಣ ಮೂರು ಪ್ರತಿ ಭದ್ರ ಇದ್ವು. ಮೂರಕ್ಕೂ ಇಂಗ್ಲಿಷ್ ಹೆಸರು. ಲ್ಯಾಪ್‌ಟಾಪನ್ನ ಹುಡುಕಿ ತರಿಸಿ ಕಂಪ್ಯೂಟರ್ ಅಂಗಡಿಯವಗ ತೋರಿಸಿದೆ. ಹಳೇದರ ಮ್ಯಾಲ ಹೊಸದು ಬರದುಬಿಟ್ಟಾರ, ಕೆಳಗಿಂದು ಸಿಗೂದಿಲ್ಲ ಅಂದ.

ಶನಿವಾರ ಸಾಲಿ ಬಿಟ್ಟ ಮ್ಯಾಲ ಮಗಳು ಬಂದ್ಳು. ಇಯರ್‌ಫೋನ್ ಹೊಸದು ತಂದಿದ್ಳು, ಡಬ್ಬಿ ಇನ್ನೂ ಒಡದಿದ್ದಿಲ್ಲ. ಬಸ್ಸಿನ್ಯಾಗ ಒಬ್ಬಾಕಿನೇ ಕೇಳ್ತೀನಿ, ಪೆನ್‌ಡ್ರೈವಿಗೂ ಹಾಕಿ ಕೊಡ್ರಿ ಅಂದ್ಳು. ನಾ ಇದ್ದದ್ದು ಇದ್ದಂಗ ಹೇಳಿದೆ. ಬೈತಾಳಂತ ತಯಾರಾಗಿ ಕುಂತಿದ್ದೆ. ಬೈಲಿಲ್ಲ. "ಹೋಗ್ಲಿ ಬಿಡ್ರಿ. ನೀವು ಎದುರಿಗೇ ಕುಂತಿದ್ರಲ್ಲ. ನೀವ ಹೇಳ್ರಿ" ಅಂದ್ಳು.

ಬೈದಿದ್ರ ಚಲೋ ಇತ್ತು.

ಯಾಕಂದ್ರ ನಾ ಕೇಳಿದ್ದಿಲ್ಲ. ಎದುರಿಗೆ ಕುಂತಿದ್ದೆ, ತಲಿ ಆಡಿಸಿದ್ದೆ, ಕಣ್ಣು ಮಾತ್ರ ರೆಕಾರ್ಡರಿನ ಮ್ಯಾಲ. ಫ್ಯಾನಿನ ಸಪ್ಪಳ ಬರಾಕತ್ತದೇನು, ಕೋಳಿ ಕೂಗಾಕತ್ತಾವೇನು, ಸಿರವಾರ ಬಸ್ ಎಷ್ಟಕ್ಕದ. ಮಿಷನ್ನು ಕೇಳಾಕತ್ತದಲ್ಲ, ನಾ ಯಾಕ ಕೇಳಬೇಕು?

ನೆನಪಿದ್ದಷ್ಟು ಹೇಳಿದೆ. ಒಂಬತ್ತು ತಿಂಗಳು ತುಂಬೋ ತನಕ ಕೆಸರಾಗ ನಿಂತು ಸಸಿ ಹಚ್ಚಿದ್ದು. ಮಗಳಿಗೆ ಪಾಟಿ ಬೇಕಂತ ಗೌಡ್ರ ಹೊಲದಾಗ ಜಗಳಾಡಿ ಕೂಲಿ ಇಸಗೊಂಡಿದ್ದು. ಕಾಲಬೆರಳಿನ ಸಂದಿ ಹುಣ್ಣಾಗಿ ರಾತ್ರಿ ನಿದ್ದಿ ಬರ್ತಿದ್ದಿಲ್ಲ ಅಂದಿದ್ದು. ಎರಡು ತಾಸಿನ ಮಾತು, ಹತ್ತು ನಿಮಿಷಕ್ಕ ತೀರಿಹೋತು.

"ಅಪ್ಪನ ಸುದ್ದಿ ಏನಂದ್ಳ್ರಿ?"

ಅಪ್ಪನ ಸುದ್ದಿ ಬಂದಾಗ ಮುದುಕಿ ಅತ್ತಿದ್ಳು, ಅಷ್ಟು ನೆನಪದ. ಆಗ ನಾನು ರೆಕಾರ್ಡರಿನ ಸೆಲ್ ಬದಲಿಸಾಕತ್ತಿದ್ದೆ. ಏನಂದ್ಳೋ ದೇವರಾಣೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು. ಆ ಹುಡುಗಿ ಮಾರಿ ನೋಡಿ ಬಾಯಿಗೆ ಬಂದದ್ದು ಅಂದುಬಿಟ್ಟೆ: "ಆತನ ಮ್ಯಾಲ ನನಗೇನು ಸಿಟ್ಟಿಲ್ಲ, ಎಲ್ಲಾ ಮರತೀನಿ ಅಂದ್ಳು."

ಆಕಿ ಡಬ್ಬಿನ ಬ್ಯಾಗಿಗೆ ಹಾಕಿಕೊಂಡ್ಳು.

"ಅಷ್ಟೇ ಅನ್ನೋದಿದ್ರ ನನ್ನ ಯಾಕ ಹೊರಗ ಕಳಿಸ್ತಿದ್ಳು ಅಕ್ಕೋರ?"

ಬಸ್‌ಸ್ಟ್ಯಾಂಡ್ ತನಕ ಬರ್ತೀನಿ ಅಂದೆ. ಬ್ಯಾಡ್ರಿ ಅಂದು ಹೋದ್ಳು.

ಆ ಓಣ್ಯಾಗ ಇನ್ನೂ ಹತ್ತು ಮಂದಿ ಅದಾರ. ತಮ್ಮ ಮಾತು ರಾಯಚೂರಾಗ ಭದ್ರ ಅದ ಅಂತ ತಿಳಕೊಂಡಾರ. ನಾ ಇನ್ನೂ ಹೋಗಿ ಹೇಳಿಲ್ಲ.