ಅವ್ವ ಬರೆಸಿದ ಬಾವಿ

ನಮ್ಮ ತೋಟದ ಮೇಲೆ ಹೆದ್ದಾರಿ ಹಾದುಹೋಗುತ್ತದೆಂದು ನೋಟಿಸು ಬಂದಾಗ ಅವ್ವ ಅತ್ತವಳಲ್ಲ. ಅರಳಗುಪ್ಪೆ ಕಡೆಯ ಆ ತೋಟ ಅವಳ ಹೆಸರಿನಲ್ಲಿತ್ತು. ನಾನು ತುರುವೇಕೆರೆಯಲ್ಲಿ ಮೇಷ್ಟ್ರಾಗಿದ್ದವಳು, ಕಾಗದಪತ್ರ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಅಳತೆಯವರು ಬಂದುಹೋದ ಮೇಲೆ ಕೈಗೆ ಸಿಕ್ಕ ಪಟ್ಟಿಯನ್ನು ಓದಿದೆ. ಜಮೀನು ಇಷ್ಟು, ಫಲ ಕೊಡುವ ತೆಂಗು ಇಷ್ಟು, ಒಂದು ಶೆಡ್ಡು.

"ಬಾವಿ?" ಎಂದಳು ಅವ್ವ.

ಪಟ್ಟಿಯಲ್ಲಿ ಬಾವಿ ಇರಲಿಲ್ಲ. ಕರುಗಳು ಬೀಳದಿರಲೆಂದು ಅದರ ಬಾಯಿಗೆ ನಾವೇ ತೆಂಗಿನ ಗರಿ ಮುಚ್ಚಿದ್ದೆವು. ಅಳತೆಯವರು ಪಕ್ಕದಲ್ಲೇ ನಡೆದುಹೋಗಿದ್ದರು.

ಚಿಕ್ಕಪ್ಪ ಬಂದು, "ಸರ್ಕಾರದೋರ ಹತ್ರ ಏನ್ ವಾದ ಮಾಡೀಯ, ಬುಡು ಅತ್ತಿಗೆ. ಕೊಟ್ಟಷ್ಟು ಇಸ್ಕೊಂಡು ಸುಮ್ಕಿರು" ಎಂದರು.

"ಜಮೀನು ಬೇಕಾದ್ರೆ ತಗೊಳ್ಲಿ ಕಣಪ್ಪ. ನಾವು ತೋಡಿದ್ ಬಾವೀನೇ ಇಲ್ಲ ಅಂದ್ರೆ ಹೆಂಗೆ?"

ಅವತ್ತೇ ಕೂತು ತಕರಾರು ಅರ್ಜಿ ಬರೆದೆ. ವಾಯಿದೆ ಮುಗಿಯಲು ಇನ್ನೂ ದಿನವಿತ್ತು. ವಿಚಾರಣೆಗೆ ತಿಪಟೂರಿಗೆ ಇಬ್ಬರೂ ಹೋದೆವು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಬಾವಿಗೆ ದಾಖಲೆ ಏನಿದೆ ಅಮ್ಮಾ?" ಎಂದು ಕೇಳಿದಳು.

"ದಾಖಲೆ ಇಲ್ಲ ಕಣವ್ವ. ನೀನೇ ಬಂದು ಒಂದು ಕೊಡ ನೀರು ಸೇದು."

ಗದರುತ್ತಾಳೇನೋ ಎಂದು ನನಗೆ ಭಯವಾಯಿತು. ಆಕೆ ಅರ್ಜಿಯ ಮೇಲೆ ಏನೋ ಬರೆದು ಪಕ್ಕಕ್ಕಿಟ್ಟಳು. ಹತ್ತು ದಿನ ಕಳೆದು ಅಳತೆಯವರನ್ನು ಕರೆದುಕೊಂಡು ತಾನೇ ಬಂದಳು.

ಅವ್ವ ಗರಿ ಸರಿಸಿ, ನೀರು ಸೇದಿ ಎಲ್ಲರಿಗೂ ಕುಡಿಯಲು ಕೊಟ್ಟಳು. ಮದುವೆಯಾದ ಹೊಸತರಲ್ಲಿ ಅಪ್ಪ ಕೆಳಗೆ ಅಗೆಯುತ್ತಿದ್ದದ್ದು, ತಾನು ಮಣ್ಣು ಎಳೆಯುತ್ತಿದ್ದದ್ದು, ಒಂದು ಮಧ್ಯಾಹ್ನ ಒಳಗಿಂದ "ಬಂತು ಕಣೇ, ನೀರು ಬಂತು!" ಎಂದು ಅಪ್ಪ ಕೂಗಿದ್ದು, ಎಲ್ಲವನ್ನೂ ಹೇಳಿದಳು. ನಾನೂ ಅದನ್ನು ಮೊದಲ ಸಲ ಕೇಳುತ್ತಿದ್ದೆ. ಆಮೇಲೆ ಪಟ್ಟಿಯಲ್ಲಿ ಶೆಡ್ಡು ಎಂದು ಬರೆದಿದ್ದ ಕಟ್ಟಡದ ಅಟ್ಟಕ್ಕೆ ಅಧಿಕಾರಿಯನ್ನು ಹತ್ತಿಸಿ, ಒಂದು ಕಾಯಿ ತೆಗೆದು ಆ ಹುಡುಗಿಯ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಗುಡುಗುಡು ಉರುಳಿತು.

"ಇದು ಅಟ್ಟದ ಮ್ಯಾಲೇ ಒಣಗಿ ಉಂಡೆ ಕೊಬ್ಬರಿ ಆಗಕ್ಕೆ ವರ್ಷ ಬೇಕು. ಬರೀ ಶೆಡ್ಡಲ್ಲಿ ಆಗಕಿಲ್ಲ ಕಣವ್ವ."

ಪರಿಹಾರದ ಆದೇಶ ಬರಲು ಬಹಳ ತಿಂಗಳು ಹಿಡಿಯಿತು. ಕಲ್ಲು ಕಟ್ಟಿದ ಬಾವಿ, ಕೊಬ್ಬರಿ ಅಟ್ಟ, ಎರಡೂ ಅದರಲ್ಲಿದ್ದವು. ಇನ್ನೂ ಫಲಕ್ಕೆ ಬಾರದ ಎಳೆಯ ಗಿಡಗಳಿಗೆ ನಾವು ಕೇಳಿದಷ್ಟು ಸಿಗಲಿಲ್ಲ. ಅವ್ವ ಬಾವಿಯ ಸಾಲನ್ನು ಮತ್ತೊಮ್ಮೆ ಓದಿಸಿಕೊಂಡು ರುಜು ಹಾಕಿದಳು. ಆ ಹಣದಲ್ಲಿ ಹಾಲ್ಕುರಿಕೆ ಹತ್ತಿರ ಒಂದು ತೋಟ ಕೊಂಡೆವು. ಮೊದಲಿನದಕ್ಕಿಂತ ಚಿಕ್ಕದು.

ಹಳೆ ತೋಟದ ಮರ ಉರುಳಿಸಿದ ದಿನ ಅವ್ವ ಮಚ್ಚು ಹಿಡಿದು ಅಲ್ಲೇ ನಿಂತಿದ್ದಳು. ಬಿದ್ದ ಮರದ ಸುಳಿ ಬಿಡಿಸಿ, ಒಳಗಿನ ಬೆಳ್ಳನೆಯ ತಿರುಳನ್ನು ನೆರೆಹೊರೆಯವರಿಗೆಲ್ಲ ಹಂಚಿದಳು. ಯಂತ್ರ ಓಡಿಸುತ್ತಿದ್ದವನಿಗೂ ಒಂದು ತುಂಡು ಕೊಟ್ಟು, "ತಿನ್ನಪ್ಪ, ಇಂಥದ್ದು ದಿನಾ ಸಿಗಲ್ಲ, ಮರ ಉರುಳಿದ್ರೇನೇ" ಎಂದಳು. ತಾನು ಮಾತ್ರ ಬಾಯಿಗಿಡಲಿಲ್ಲ. ನಾನು ತಿಂದೆ. ಬಹಳ ಸಿಹಿಯಾಗಿತ್ತು. ಅಷ್ಟು ಸಿಹಿ ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಅವಳತ್ತ ನೋಡಲಾಗದೆ ಮುಖ ತಿರುಗಿಸಿಕೊಂಡೆ.