ಟ್ಯಾಬ್ ಒತ್ತುವ ಬೆರಳಿಗೆ ಬ್ಯಾಂಡೇಜ್

ಆಂಟಿಯ ಬಲ ಮಣಿಕಟ್ಟಿಗೆ ಸದಾ ಒಂದು ಪಟ್ಟಿ ಇರುತ್ತಿತ್ತು. ಔಷಧಿ ಅಂಗಡಿಯಲ್ಲಿ ಸಿಗುವಂಥ ಮಾಸಲು ಬಣ್ಣದ್ದು. ಅಂಚಿಗೆ ಅರಿಶಿನದ ಕಲೆ, ಅಂಟಿಸುವ ಜಾಗದಲ್ಲಿ ದುಪಟ್ಟಾದ ನೂಲೆಳೆ. ಏನಾಯಿತೆಂದು ಕೇಳಿದವರಿಗೆ, ಇದು ಮೌಸ್ ತೊಡಿಸಿದ ಬಳೆ ಎಂದು ಹೇಳಿ ನಗುತ್ತಿದ್ದರು. ಮೈಸೂರಿನ ಮುಸ್ಲಿಂ ಮನೆತನದವರು, ಮೂವತ್ತು ವರ್ಷ ಪ್ರೋಗ್ರಾಮರ್ ಆಗಿದ್ದು ನಿವೃತ್ತರಾದವರು. ಅಮೆರಿಕದ ವರ್ಜೀನಿಯಾದಲ್ಲಿರುವ ಹರ್ನ್‌ಡನ್‌ನಲ್ಲಿ ನಮ್ಮ ಟೌನ್‌ಹೌಸಿನ ಪಕ್ಕದ ಬಾಗಿಲು ಅವರದು.

ನನ್ನ ಗಂಡನ ಕೆಲಸ ಹೋದದ್ದು ಒಂದು ಸೋಮವಾರ, ಹತ್ತು ನಿಮಿಷದ ವಿಡಿಯೋ ಕಾಲ್‌ನಲ್ಲಿ. ಕೆಲಸದ ವೀಸಾದ ಮೇಲಿರುವವರಿಗೆ ಅಲ್ಲಿಂದ ಅರವತ್ತು ದಿನ. ಅಷ್ಟರೊಳಗೆ ಬೇರೆ ಕಂಪನಿ ಅರ್ಜಿ ಹಾಕದಿದ್ದರೆ ಗಂಟುಮೂಟೆ ಕಟ್ಟಬೇಕು. ಮಗಳು ಹನ್ನೊಂದನೇ ಗ್ರೇಡ್. ಫ್ರಿಜ್ ಮೇಲೆ ಅಂಟಿಸಿದ್ದ ಕ್ಯಾಲೆಂಡರ್ ಎದುರು ನಿಂತು ಹಾಲು ಕುಡಿಯುತ್ತಿದ್ದಳು.

ಸಂದರ್ಶನಗಳು ಬಂದವು. ಪರದೆ ಹಂಚಿಕೊಂಡು, ಕಂಪನಿಯವರು ನೋಡುತ್ತಿರುವಾಗಲೇ ಮುಕ್ಕಾಲು ಗಂಟೆಯಲ್ಲಿ ಕೋಡ್ ಬರೆದು ತೋರಿಸಬೇಕು. ಇವರು ಹದಿನಾಲ್ಕು ವರ್ಷ ಒಂದೇ ಹಳೆಯ ಸಾಫ್ಟ್‌ವೇರ್ ರಿಪೇರಿ ಮಾಡಿಕೊಂಡಿದ್ದವರು. ಉತ್ತರ ಗೊತ್ತಿರುತ್ತಿತ್ತು, ಆದರೆ ಮೆನು ಹುಡುಕುವುದರಲ್ಲೇ ಸಮಯ ಮುಗಿದುಹೋಗುತ್ತಿತ್ತು. ಮೂರು ಕಡೆ ಹಾಗೇ ಆಯಿತು. ನಾನು ಆಂಟಿಯ ಮನೆ ಬೆಲ್ ಒತ್ತಿ, ಒಳಗೆ ಕೂರುವ ಮೊದಲೇ ಅತ್ತೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ತಮ್ಮದೇ ಲ್ಯಾಪ್‌ಟಾಪ್ ಹಿಡಿದು ಬಂದರು. ಇವರ ಆಫೀಸಿನದನ್ನು ಕಂಪನಿ ವಾಪಸ್ ತೆಗೆದುಕೊಂಡಿತ್ತು, ಮನೆಯದು ತೆವಳುತ್ತಿತ್ತು. ಮೊದಲು ಮೌಸ್ ಕಿತ್ತು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟರು. ಕೋಡ್ ಬರೆಯುವುದು, ಓಡಿಸಿ ನೋಡುವುದು, ತಪ್ಪು ಹುಡುಕುವುದು ಎಲ್ಲವೂ ಒಂದೇ ಪರದೆಯಲ್ಲಿ ನಡೆಯುತ್ತದಲ್ಲ, ಆ ಐಡಿಇಯನ್ನು ತೆರೆದು, ಇವರಿಗೆ ಹೇಳುತ್ತಾ ನನ್ನ ಕಡೆ ನೋಡಿದರು.

"ಇದು ಅಡುಗೆಮನೆ ಅಂದ್ಕೊಳಪ್ಪ. ಒಗ್ಗರಣೆಗೆ ಎಣ್ಣೆ ಕಾದ್ಮೇಲೆ ಸಾಸಿವೆ ಡಬ್ಬ ಹುಡುಕ್ತಾ ನಿಂತ್ರೆ ಏನಾಗತ್ತೆ? ಹೆಂಡ್ತೀನ ಕೇಳು."

ದಿನಕ್ಕೆ ಎರಡೇ ಶಾರ್ಟ್‌ಕಟ್, ಹೆಚ್ಚು ಕಲಿಸುತ್ತಿರಲಿಲ್ಲ. ಒಂದು ಹೆಸರು ಬದಲಿಸಿದರೆ ಎಲ್ಲ ಕಡೆಯೂ ತಾನೇ ಬದಲಾಗುವುದು ಒಂದು ದಿನ. ತಪ್ಪಿರುವ ಸಾಲಿನಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೇನಿದೆ ಎಂದು ಇಣುಕುವುದು ಇನ್ನೊಂದು ದಿನ. ಅರ್ಧ ಪದ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ಬರುತ್ತದೆ, ಪೂರ್ತಿ ಬರೆಯಬೇಡ ಎಂದು ದಿನವೂ ಹೇಳುತ್ತಿದ್ದರು. ಇವರ ಕೈ ಅಭ್ಯಾಸಬಲದಿಂದ ಮೌಸ್ ಇದ್ದ ಜಾಗಕ್ಕೆ ಹೋದಾಗ ಸ್ಕೇಲಿನಿಂದ ಮೆಲ್ಲಗೆ ತಟ್ಟುವರು. ನಾನು ಅವಲಕ್ಕಿ ಕಲಸುತ್ತಾ ಫೋನಿನಲ್ಲಿ ಟೈಮರ್ ಹಿಡಿಯುತ್ತಿದ್ದೆ. ನಲವತ್ತೈದು ನಿಮಿಷದ ಕೆಲಸ ಇಪ್ಪತ್ತೆಂಟಕ್ಕೆ ಇಳಿದ ದಿನ, ಎಷ್ಟೋ ವಾರದ ಮೇಲೆ ಇವರು ಎರಡನೇ ಸಲ ಅವಲಕ್ಕಿ ಬಡಿಸಿಕೊಂಡರು.

ಐವತ್ತೊಂದನೆಯ ದಿನ ಶ್ಯಾಂಟಿಲಿಯ ಒಂದು ಕಂಪನಿಯ ಕೊನೆಯ ಸುತ್ತು. ಎಐ ಸಹಾಯ ತೆಗೆದುಕೊಳ್ಳಬಾರದು ಎಂದು ಮೊದಲೇ ತಿಳಿಸಿದ್ದರು. ಇವರು ಆಂಟಿಯ ಲ್ಯಾಪ್‌ಟಾಪಿನಲ್ಲೇ ಕೂತರು. ಅದರಲ್ಲಿ ಆಂಟಿ ಹಿಂದಿನ ಸಂಜೆ ತಮ್ಮ ಯಾವುದೋ ಕೆಲಸಕ್ಕೆಂದು, ಮುಂದಿನ ಸಾಲುಗಳನ್ನು ತಾನೇ ಬರೆದುಕೊಡುವ ಎಐ ಸೂಚನೆಗಳನ್ನು ಆನ್ ಮಾಡಿದ್ದರು, ಆಫ್ ಮಾಡಲು ಮರೆತಿದ್ದರು. ಇವರು ನಾಲ್ಕಕ್ಷರ ಬರೆದರು, ಟ್ಯಾಬ್ ಒತ್ತಿದರು. ಒಂದು ಪದ ಬರುವಲ್ಲಿ ಹದಿನೈದು ಸಾಲು ಬಂದು ಕೂತಿತು, ಪೂರಾ ಉತ್ತರ. ಆ ಕಡೆಯವರು ಥ್ಯಾಂಕ್ಸ್ ಹೇಳಿ ಕಾಲ್ ಮುಗಿಸಿದರು. ವಿವರಿಸಲು ಬಿಡಲಿಲ್ಲ.

ಇವರು ಕುರ್ಚಿಯಿಂದ ಏಳಲೇ ಇಲ್ಲ. ಸಂಜೆ, ಗೋಡೆಯ ಆಚೆಗೆ ಕೇಳಲಿ ಎನ್ನುವಂತೆ, "ನಿನ್ನ ಆಂಟಿ ನಮ್ಮನ್ನ ಮುಳುಗಿಸಿಬಿಟ್ರು ಕಣೇ" ಎಂದರು. ನಾನು ಅಲ್ಲವೆನ್ನಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ಮರುದಿನ ಹತ್ತಕ್ಕೆ ಬೆಲ್ ಆಯಿತು. ಬಾಗಿಲ ಕಿಂಡಿಯಲ್ಲಿ ನೋಡಿದೆ. ಕೋಟಿನ ಮೇಲೆ ದುಪಟ್ಟಾ ಹೊದ್ದು ಆಂಟಿ ನಿಂತಿದ್ದರು, ಚಳಿಗೆ ಮೂಗು ಕೆಂಪಾಗಿತ್ತು. ನಾನು ಚಿಲಕ ಮುಟ್ಟಲಿಲ್ಲ. ಅಷ್ಟರಲ್ಲಿ ಒಳಗೆ ಕುಕ್ಕರ್ ಸೀಟಿ ಹಾಕಿತು; ಯಾರೋ ಮನೆಯಲ್ಲಿದ್ದಾರೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅವರು ತಲೆಯೆತ್ತಿ ನೇರವಾಗಿ ಕಿಂಡಿಯನ್ನೇ ನೋಡಿದರು. ಎರಡನೇ ಸಲ ಬೆಲ್ ಒತ್ತಲಿಲ್ಲ. ಮೆಟ್ಟಿಲ ಮೇಲೆ ಕೂತು ಏನೋ ಬರೆದು, ಬಾಗಿಲ ಕೆಳಗೆ ತೂರಿಸಿ, ಕಂಬಿ ಹಿಡಿದುಕೊಂಡು ಎದ್ದು ಹೋದರು.

ಇಂಡಿಯನ್ ಸ್ಟೋರ್‌ನ ರಸೀದಿಯ ಹಿಂದೆ ಗುಂಡಗಿನ ಕನ್ನಡ ಅಕ್ಷರ: "ಆಫ್ ಮಾಡಿ ಕೊಡಬೇಕಿತ್ತು, ತಪ್ಪು ನನ್ನದು. ಈಗ ಎಲ್ಲಾ ಸೂಚನೆ ಆಫ್ ಮಾಡಿಕೊಂಡು ಪ್ರಾಕ್ಟೀಸ್ ಮಾಡಲಿ. ಟ್ಯಾಬ್ ಒತ್ತುವ ಕಿರುಬೆರಳಿಗೆ ಬ್ಯಾಂಡೇಜ್ ಸುತ್ತು, ಕೈ ಅಲ್ಲಿಗೆ ಹೋದಾಗ ಎಚ್ಚರ ಆಗುತ್ತೆ." ಕೆಳಗೆ ಎಲ್ಲೆಲ್ಲಿ ಏನೇನು ಆಫ್ ಮಾಡಬೇಕೆಂಬ ಪಟ್ಟಿ. ಆ ಕಂಪನಿಗೆ ತಮ್ಮ ಹೆಸರಿನಲ್ಲೇ ಪತ್ರ ಬರೆದಿರುವುದಾಗಿಯೂ ಇತ್ತು. ಅದಕ್ಕೆ ಉತ್ತರ ಬರಲಿಲ್ಲ.

ಇವರು ಮುಖ ಗಂಟಿಕ್ಕಿಕೊಂಡೇ ಕಿರುಬೆರಳು ಚಾಚಿದರು. ಬ್ಯಾಂಡೇಜ್ ಸುತ್ತಿದೆ. ಐವತ್ತೈದನೆಯ ದಿನ, ಅದೇ ಬೆರಳಿನಲ್ಲಿ, ಆರು ಗಂಟೆ ದಾರಿಯಾಚೆಯ ಶಾರ್ಲಟ್‌ನ ಕಂಪನಿಯೊಂದರ ಎದುರು ಪ್ರತಿ ಅಕ್ಷರವನ್ನೂ ತಾವೇ ಬರೆದು, ಮೂವತ್ತಾರು ನಿಮಿಷಕ್ಕೆ ಮುಗಿಸಿದರು. ಐವತ್ತೊಂಬತ್ತನೆಯ ದಿನ ಅವರಿಂದ ವೀಸಾ ಅರ್ಜಿ ಸಲ್ಲಿಕೆಯಾಯಿತು.

ಲ್ಯಾಪ್‌ಟಾಪ್ ಹಿಂದಿರುಗಿಸಲು ಇವರೇ ಹೋದರು. ನನಗೆ ಪ್ಯಾಕಿಂಗ್ ಇದೆಯೆಂದೆ. ಶಾರ್ಲಟ್‌ಗೆ ಹೊರಡುವ ದಿನ ಆಂಟಿ ಟ್ರಕ್ಕಿನ ಬಳಿಗೇ ಬಂದು ನನ್ನ ಕೈ ಹಿಡಿದುಕೊಂಡರು. "ಹೊಸ ಮನೇಲಿ ಒಂದೇ ದಿನಕ್ಕೆ ಎಲ್ಲಾ ಜೋಡಿಸ್ಬೇಡಮ್ಮ, ಸೊಂಟ ಹಿಡ್ಕೊಳತ್ತೆ" ಎಂದರು. ಮುಚ್ಚಿದ ಬಾಗಿಲಿನ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಹಬ್ಬಕ್ಕೆ, ಈದ್‌ಗೆ ಫೋನ್ ಮಾಡುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡು ಹವಾಮಾನದ ಮಾತಾಡಿ ಫೋನ್ ಇಡುತ್ತಿದ್ದೆ.

ಹೋದ ವಸಂತದಲ್ಲಿ ಒಂದು ಬೆಳಗಿನ ಜಾವ ಅವರ ಮಗಳ ಫೋನ್ ಬಂತು. ಹೃದಯಾಘಾತವಂತೆ. ಆ ದಿನವೇ ಮಧ್ಯಾಹ್ನದ ನಮಾಜಿನ ನಂತರ ದಫನ್. ಸುದ್ದಿ ಬಂದ ಅರ್ಧ ಗಂಟೆಗೆ ಹೊರಟೆವು. ರಿಚ್ಮಂಡ್ ದಾಟಿದ ಮೇಲೆ ಹೆದ್ದಾರಿ ನಿಂತೇ ಹೋಯಿತು. ತಲುಪುವಷ್ಟರಲ್ಲಿ ಜನ ಚದುರಿದ್ದರು. ಇವರು ಹಸಿ ಮಣ್ಣಿನ ಪಕ್ಕ ಕೈಕಟ್ಟಿ ನಿಂತು, ಮೇಡಂ, ಕೆಲಸ ಚೆನ್ನಾಗಿ ನಡೀತಿದೆ ಎಂದು ವರದಿ ಒಪ್ಪಿಸುವವರಂತೆ ಮೆಲ್ಲಗೆ ಹೇಳಿದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಪೆನ್ಸಿಲ್ ಬಿದ್ದರೂ ಸಾರಿ, ಸೀನು ಬಂದರೂ ಸಾರಿ ಎಂದು ಸಿಸ್ಟರ್‌ಗಳು ಬಾಯಿಪಾಠ ಮಾಡಿಸಿದ್ದರು. ಅಂಗಡಿಯಲ್ಲಿ ಗಾಡಿ ತಾಗಿದ ಅಪರಿಚಿತರಿಗೂ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅಲ್ಲಿ ನಿಂತು ಆ ಮಾತನ್ನು ಮೊದಲ ಸಲ ಅವರಿಗೆ ಹೇಳಿದೆ, ಮಣ್ಣಿಗೆ.