ಎಡಗೈಯ ಪೇಡೆ

ಗೆಳೆಯರೇ, ಇವತ್ತು ನಮ್ಮ ಮನೆಯಲ್ಲಿ ಸ್ಟೋವ್ ಹಚ್ಚುವ ಮೊದಲೇ ಹೊಟ್ಟೆ ಉರಿಯಿತು.

ಕಳವಾ ಊರಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವನು ಬಸಣ್ಣ. ಇಬ್ಬರದೂ ಒಂದೇ ಕಾರ್ಖಾನೆ. ಹೋದ ವರ್ಷ ಪ್ರೆಸ್ ಮಷೀನಿಗೆ ಸಿಕ್ಕಿ ಅವನ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು. 'ಹೆಬ್ಬೆರಳಿದೆಯಲ್ಲ, ದುಡಿ' ಎಂದು ಕಾರ್ಮಿಕರ ವಿಮಾ ಆಫೀಸಿನವರು ಪೆನ್ಶನ್ ಕೊಡಲಿಲ್ಲ. ಅವನು ಬಿಡದೆ ಅಪೀಲು ಹಾಕಿದ, ಇವತ್ತು ಗೆದ್ದೂ ಬಂದ. ಇನ್ನು ಮನೆಯಲ್ಲಿ ಕೂತರೂ ಅವನಿಗೆ ತಿಂಗಳ ಪೆನ್ಶನ್. ನನಗೆ ಒಂದು ದಿನ ಹಾಜರಿ ತಪ್ಪಿದರೂ ಪಗಾರಕ್ಕೆ ಕತ್ತರಿ.

ಸಂಜೆ ಡಬ್ಬಿಯನ್ನು ಎದೆಗೊತ್ತಿಕೊಂಡು ಪೇಡೆ ಹಂಚುತ್ತ ನಮ್ಮ ಬಾಗಿಲಿಗೆ ಬಂದ. ನನ್ನ ಹೆಂಡತಿ ಗಂಗವ್ವ ಕೈ ಚಾಚಲೇ ಇಲ್ಲ.

"ಎಡಗೈಲೆ ಸಿಹಿ ಕೊಡತಾರೇನೋ ಯಣ್ಣಾ? ಪೆನ್ಶನ್ ಬಂದಕೂಡ್ಲೆ ರೀತಿ ಮರತೇನು?"

ನನಗೆ ಒಳಗೊಳಗೇ ಖುಷಿಯಾಯಿತು.

"ಹೌದವಾ, ತಪ್ಪಾತು" ಎಂದು ಬಸಣ್ಣ ಡಬ್ಬಿಯನ್ನು ಕೆಳಗಿಟ್ಟ. ಬಲಗೈಯ ಮೊಂಡು ಅಂಗೈಗೆ ಹೆಬ್ಬೆರಳಿನಿಂದ ಒಂದು ಪೇಡೆ ಒತ್ತಿ ಹಿಡಿದು ಮುಂದೆ ಚಾಚಿದ. ಗಂಗವ್ವ ತಲೆ ತಗ್ಗಿಸಿ ತೆಗೆದುಕೊಂಡಳು.

ಅವನು ಅತ್ತ ಹೋದದ್ದೇ ತಡ, ನನ್ನ ಮೇಲೆ ತಿರುಗಿದಳು. "ನೋಡ್ರಿ, ಆ ಕೈಲೆ ಅವ ಜೀವ ಇರೂತನಕ ರೊಕ್ಕ ತರತಾನ. ನೀವು ಇಷ್ಟ್ ಗಟ್ಟಿ ಕೈ ಇಟ್ಕೊಂಡು ಏನ್ ಗಳಸೀರಿ?"

ನಾನು ಅವಳ ಕೈಯಿಂದ ಪೇಡೆ ತೆಗೆದುಕೊಂಡು ತಿಂದೆ. ಬಸಣ್ಣ ನಡೆಸುತ್ತಿದ್ದ ಅದೇ ಮಷೀನಿಗೆ ನಾಳೆಯಿಂದ ಸಾಹೇಬರು ನನ್ನನ್ನು ಹಾಕಿದ್ದಾರೆ. ಗಂಗವ್ವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಎಲ್ಲಿ ಖುಷಿಪಡುತ್ತಾಳೋ ಎಂದು ಹೆದರಿಕೆ.